ಬೆಚ್ಚಗಿದ್ದ ಸಿಂಹಾಸನ

ಬಟ್ಟೆ ಸೋಪು, ಇಸ್ತ್ರಿಯ ಬಿಸಿ, ಇವೆರಡರ ಅಡಿಯಲ್ಲಿ ಎಷ್ಟು ಒಗೆದರೂ ಹೋಗದ ಹಾಲಿನ ಹುಳಿ. ಹೋದ ತಿಂಗಳು ಒಂದು ಬೆಳಿಗ್ಗೆ ನಾನು ಈ ವಾಸನೆಯ ಒಳಗೆ ಕೂತಿದ್ದೆ. ಒಳಗೆ ಎಂದರೆ ನಿಜವಾಗಿಯೂ ಒಳಗೆ. ನೈರೋಬಿಯ ಪಾರ್ಕ್‌ಲ್ಯಾಂಡ್ಸ್‌ನಲ್ಲಿ, ನನ್ನ ಮನೆಯಿಂದ ನಡೆದು ಹೋಗುವಷ್ಟು ದೂರದ ಒಂದು ಫೋಟೋ ಸ್ಟುಡಿಯೋದಲ್ಲಿ, ಸ್ಟೂಲಿನ ಮೇಲೆ, ತಲೆಯಿಂದ ಪಾದದವರೆಗೆ ಬಿಳಿ ಬೆಡ್‌ಶೀಟ್ ಹೊದ್ದುಕೊಂಡು. ಅರವತ್ತರ ಹತ್ತಿರದ ಹೆಂಗಸು, ರಿವರ್‌ಸೈಡ್‌ನ ದೊಡ್ಡ ಆಫೀಸೊಂದರಲ್ಲಿ ಕುಡಿಯುವ ನೀರಿನ ಯೋಜನೆಗಳ ಬಗ್ಗೆ ವರ್ಷಗಟ್ಟಲೆ ಗಂಭೀರವಾಗಿ ತಲೆಯಾಡಿಸಿ ನಿವೃತ್ತಳಾದವಳು, ಹೀಗೆ ಮುಸುಕಿಕ್ಕಿಕೊಂಡು ಕೂತಿದ್ದನ್ನು ಹಳೆಯ ಸಹೋದ್ಯೋಗಿಗಳು ಯಾರಾದರೂ ನೋಡಿದ್ದರೆ, ಸದ್ಯ ಇವಳು ಬೇಗ ರಿಟೈರ್ ಆದಳು ಎಂದುಕೊಳ್ಳುತ್ತಿದ್ದರು.

ಕಾರಣ ಹೇಳುತ್ತೇನೆ, ನಗಬೇಡಿ. ಬೆಡ್‌ಶೀಟಿನ ಮೇಲೆ, ಅಂದರೆ ನನ್ನ ತೊಡೆಯ ಮೇಲೆ, ಐದು ತಿಂಗಳ ಇರಾ ಕೂತಿದ್ದಳು. ಇರಾ ನನ್ನ ತಂಗಿಯ ಮಗಳು ಮೇಧಾಳ ಮಗು. ಮೇಧಾಳ ಗಂಡನಿಗೆ ಅಕ್ರಾಕ್ಕೆ ವರ್ಗವಾಗಿ, ಅವನು ಆಗಲೇ ಹೋಗಿ ಮನೆ ನೋಡಿಟ್ಟಿದ್ದ. ತಾಯಿ ಮಗು ಹೊರಡಬೇಕಾದರೆ ಮಗುವಿಗೆ ಪಾಸ್‌ಪೋರ್ಟ್ ಆಗಬೇಕು. ಪಾಸ್‌ಪೋರ್ಟಿನ ಫೋಟೋದಲ್ಲಿ ಮಗುವಿನ ಹಿಂದೆ ಬಿಳಿಯ ಹೊರತು ಬೇರೇನೂ ಇರಕೂಡದು, ಜೊತೆಯಲ್ಲಿ ಇನ್ನೊಂದು ನರಪಿಳ್ಳೆ ಕಾಣಕೂಡದು, ಮಗು ನೇರ ಕ್ಯಾಮೆರಾ ನೋಡಬೇಕು. ಐದು ತಿಂಗಳ ಮಗು ತಾನಾಗಿ ಕೂರುವುದಿಲ್ಲ. ಅಮ್ಮ ಕ್ಯಾಮೆರಾದ ಹಿಂದೆ ನಿಂತು ಕುಣಿದರೆ ಮಾತ್ರ ಆ ಕಡೆ ನೋಡುತ್ತದೆ. ಹೀಗಾಗಿ ಕೆಳಗೆ ಕೂತು ಹಿಡಿದುಕೊಳ್ಳುವ ಕೆಲಸಕ್ಕೆ ಉಳಿದವಳು ನಾನೊಬ್ಬಳೇ. ಫೋಟೋಗ್ರಾಫರ್ ಮ್ವಾಂಗಿ ಬೆಡ್‌ಶೀಟನ್ನು ನನ್ನ ತಲೆಯ ಮೇಲೆ ಎಳೆಯುತ್ತಾ, "ಶೋಶೋ, ನೌ ಯೂ ಆರ್ ಎ ಚೇರ್" ಎಂದ. ಶೋಶೋ ಎಂದರೆ ಇಲ್ಲಿನವರ ಬಾಯಲ್ಲಿ ಅಜ್ಜಿ. ಮದುವೆಯನ್ನೇ ಆಗದವಳಿಗೆ ಒಂದೇ ವಾಕ್ಯದಲ್ಲಿ ಅಜ್ಜಿಯ ಪಟ್ಟವನ್ನೂ ಕುರ್ಚಿಯ ಪಟ್ಟವನ್ನೂ ಕಟ್ಟಿಬಿಟ್ಟ.

ಆಚೆ ಮೇಧಾ ಗಿಲಕಿ ಆಡಿಸುತ್ತಿದ್ದಳು. ಮುಸುಕಿನ ಒಳಗೆ ನನಗೆ ಕಾಣುತ್ತಿದ್ದದ್ದು ಬೆಳ್ಳಗಿನ ಬೆಳಕು ಮಾತ್ರ, ಮತ್ತು ಕೈಯೊಳಗೆ ಇರಾಳ ಮೆತ್ತನೆಯ ಸೊಂಟ. ಮ್ವಾಂಗಿ ಎರಡು ಸಲ ಕ್ಲಿಕ್ ಮಾಡಿ ನಿಲ್ಲಿಸಿದ.

"ಶೋಶೋ, ಪೋಲೆ ಪೋಲೆ. ದ ಚೇರ್ ಈಸ್ ಬ್ರೀದಿಂಗ್."

ನಿಧಾನ ನಿಧಾನ, ಕುರ್ಚಿ ಉಸಿರಾಡುತ್ತಿದೆಯಂತೆ. ನಾನು ಉಸಿರು ಬಿಗಿಹಿಡಿದೆ. ಹಿಡಿದ ಆ ಉಸಿರಿನಲ್ಲೇ ನನಗೆ ತಾತನ ದನಿ ಕೇಳಿಸಿತು.

ನಮ್ಮ ತಾತ, ಅಂದರೆ ಅಪ್ಪನ ಅಪ್ಪ, ಮೈಸೂರಿನಲ್ಲಿ ಸ್ಕೂಲ್ ಮೇಷ್ಟ್ರಾಗಿದ್ದವರು. ನಮ್ಮ ನಡುಮನೆಯ ಗೋಡೆಯಲ್ಲಿ ಅವರದೊಂದು ಫೋಟೋ ಇತ್ತು. ಮೇಷ್ಟ್ರ ಫೋಟೋ ಅಲ್ಲ, ಅವರು ಇನ್ನೂ ಕೂರಲೂ ಬಾರದ ಕೂಸಾಗಿದ್ದಾಗಿನದು. ಹತ್ತೊಂಬತ್ತನೆಯ ಶತಮಾನ ಮುಗಿಯಲು ಇನ್ನೂ ಕೆಲವು ವರ್ಷ ಬಾಕಿಯಿದ್ದಾಗ ತೆಗೆಸಿದ್ದು. ತಲೆಗೆ ಜರಿ ಟೋಪಿ, ಸೊಂಟಕ್ಕೆ ಉಡಿದಾರ, ಕೊರಳಲ್ಲಿ ದೊಡ್ಡವರ ಕಾಸಿನ ಸರ. ಆ ಸರ ಮಗುವಿನ ಹೊಕ್ಕುಳ ದಾಟಿ ತೊಡೆಯ ಮೇಲೆ ಬಿದ್ದಿತ್ತು. ಹಿಂದೆ ಪರದೆಯಲ್ಲಿ ಬರೆದ ಕಂಬ, ಕೊಳ, ಕೊಳದಲ್ಲಿ ಎರಡು ಹಂಸ. ಮಗು ಕೂತದ್ದು ಎತ್ತರದ ಆಸನವೊಂದರ ಮೇಲೆ. ಆ ಆಸನಕ್ಕೆ ಕುಚ್ಚು ಕಟ್ಟಿದ ಕಪ್ಪು ಬಟ್ಟೆ ಹೊದಿಸಿತ್ತು. ಮಗುವಿನ ಸೊಂಟದ ಪಕ್ಕದಲ್ಲಿ, ಬಟ್ಟೆಯ ಮಡಿಕೆಯ ನಡುವಿನಿಂದ, ಆಸನದ ಒಂದು ತುಣುಕು ಮಾತ್ರ ಹೊರಗೆ ಇಣುಕುತ್ತಿತ್ತು. ಸಾಲಾಗಿ ನಾಲ್ಕು ಉಬ್ಬು, ತುದಿಯಲ್ಲಿ ಉಗುರು. ಅದು ಸಿಂಹದ ಪಾದ. ಆದ್ದರಿಂದ ಅದು ಸಿಂಹಾಸನ.

ಇದರಲ್ಲಿ ನಮ್ಮ ಮನೆಯ ಯಾರಿಗೂ ಎಳ್ಳಷ್ಟೂ ಅನುಮಾನವಿರಲಿಲ್ಲ. ಮುತ್ತಾತ ಅರಮನೆಯ ಉಗ್ರಾಣದಲ್ಲಿ ಗುಮಾಸ್ತರಾಗಿದ್ದರು, ಅಕ್ಕಿ ತುಪ್ಪ ಅಳೆದು ಕೊಡುವ ಕಡೆ. ಅಪ್ಪನ ಕಾಲಕ್ಕೆ ಅವರು ಅರಮನೆಯ ಅಧಿಕಾರಿಯಾದರು. ನಾನು ಸ್ಕೂಲಿಗೆ ಹೋಗುವ ಹೊತ್ತಿಗೆ ಮಹಾರಾಜರಿಗೆ ಬಹಳ ಬೇಕಾದವರಾಗಿದ್ದರು. ಸತ್ತವರಿಗೆ ಸಿಗುವಷ್ಟು ಬಡ್ತಿ ಬದುಕಿರುವವರಿಗೆ ಎಲ್ಲಿ ಸಿಗುತ್ತದೆ ಹೇಳಿ? ಇಂಥವರ ಚೊಚ್ಚಲ ಗಂಡುಮಗುವಿಗೆ ಫೋಟೋ ತೆಗೆಸಲು ಅರಮನೆಯವರೇ ಒಂದು ಸಿಂಹಾಸನವನ್ನು ಸ್ಟುಡಿಯೋಗೆ ಕಳಿಸಿದರು ಎಂದು ನಾವು ನಂಬಿದ್ದೆವು. ದೃಷ್ಟಿಯಾಗದಿರಲಿ ಎಂದು ಅದಕ್ಕೆ ಕಪ್ಪು ಬಟ್ಟೆ ಹೊದಿಸಿದ್ದು ಎಂದು ಅಜ್ಜಿ ಸೇರಿಸುತ್ತಿದ್ದರು. ದಸರೆಯಲ್ಲಿ ಗೊಂಬೆ ನೋಡಲು ಬಂದವರಿಗೆಲ್ಲ ಮೊದಲು ಈ ಫೋಟೋ, ಆಮೇಲೆ ಗೊಂಬೆ, ಕೊನೆಗೆ ಚರುಪು.

ಆ ಕಾಲದಲ್ಲಿ ಫೋಟೋ ತೆಗೆಸುವವರಿಗೆ ಮುಖಕ್ಕಿಂತ ಅಂತಸ್ತಿನ ಚಿಂತೆ ಹೆಚ್ಚಾಗಿತ್ತು. ಮನೆಯಲ್ಲಿ ಇಲ್ಲದ ಕಂಬ ಸ್ಟುಡಿಯೋದಲ್ಲಿ ಇರುತ್ತಿತ್ತು, ಓದಲು ಬಾರದವನ ಕೈಗೆ ಪುಸ್ತಕ ಬರುತ್ತಿತ್ತು. ಯಾರು ಕೂರಬೇಕು, ಯಾರು ನಿಲ್ಲಬೇಕು, ಯಾರ ಕೈ ಯಾರ ಭುಜದ ಮೇಲೆ ಎನ್ನುವುದೆಲ್ಲ ಪಂಚಾಂಗ ನೋಡಿದಷ್ಟು ಗಂಭೀರ. ಯಾರೂ ನಗುತ್ತಿರಲಿಲ್ಲ. ಆಗಿನ ಕ್ಯಾಮೆರಾಕ್ಕೆ ಅವಸರವಿರಲಿಲ್ಲ, ಅಷ್ಟು ಹೊತ್ತು ನಗು ಹಿಡಿದಿಡುವುದು ಕಷ್ಟ. ಜೊತೆಗೆ, ಹಲ್ಲು ಕಿರಿಯುವವನಿಗೆ ಅಂತಸ್ತು ಎಲ್ಲಿಂದ ಬರಬೇಕು? ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ ಎನ್ನುತ್ತಾರೆ. ನಮ್ಮವರು ಕೊಡೆ ಹಿಡಿದದ್ದಲ್ಲದೆ ಅದರ ಫೋಟೋವನ್ನೂ ತೆಗೆಸಿಟ್ಟರು.

ನಾನೇನು ಕಡಿಮೆಯೇ? ಈ ಕಥೆಯನ್ನು ಸಮುದ್ರ ದಾಟಿಸಿ ನೈರೋಬಿಗೂ ತಂದೆ. ನನ್ನ ಕೆಳಗಿನ ಮಹಡಿಯಲ್ಲಿ ಲಿಲ್ಲಿಬಾಯಿ ಎನ್ನುವವರಿದ್ದರು. ಮಂಗಳೂರಿನ ಕ್ರಿಶ್ಚಿಯನ್ನರು, ಮನೆಯಲ್ಲಿ ಕೊಂಕಣಿ, ನನ್ನ ಹತ್ತಿರ ಅವರೂರಿನ ಕನ್ನಡ. ನನಗಿಂತ ಹದಿನೈದು ವರ್ಷಕ್ಕಾದರೂ ದೊಡ್ಡವರು. ಅವರ ಮನೆಯಲ್ಲೂ ಆ ಕಾಲದ್ದೇ ಒಂದು ಫೋಟೋ ಇತ್ತು. ಅದರಲ್ಲಿ ಅವರ ಮುತ್ತಜ್ಜ ಉದ್ದ ಕೋಟು ತೊಟ್ಟು, ಒಂದು ಕೈ ಮೇಜಿನ ಮೇಲಿಟ್ಟು, ಲೋಕವನ್ನೇ ಕೊಂಡುಕೊಂಡವರ ಹಾಗೆ ನಿಂತಿದ್ದರು.

"ಯಾವ ಕೆಲಸದಲ್ಲಿದ್ದರು?" ಎಂದು ಕೇಳಿದ್ದೆ.

"ದರ್ಜಿ ಮಾರಾಯ್ತಿ," ಎಂದು ಲಿಲ್ಲಿಬಾಯಿ ನಕ್ಕಿದ್ದರು. "ಆ ಕೋಟು ಬಿಳಿ ದೊರೆಯದ್ದು. ಹೊಲಿದು ಮುಗಿಸಿದರಲ್ಲ, ಕೊಡುವ ಮೊದಲು ಒಮ್ಮೆ ತಾನೇ ಹಾಕಿಕೊಂಡು ಹೋಗಿ ಫೋಟೋ ತೆಗೆಸಿದ್ದು. ದೊರೆಗೆ ಸಾಯುವವರೆಗೂ ಗೊತ್ತೇ ಇಲ್ಲ!"

ಹೇಳಿಕೊಳ್ಳಲು ಅವರಿಗೆ ಒಂದಿಷ್ಟೂ ನಾಚಿಕೆಯಿರಲಿಲ್ಲ. ನನಗೇ ಅವರ ಪರವಾಗಿ ನಾಚಿಕೆಯಾಗಿ, ಮಾತು ಬದಲಿಸಲೆಂದು ನಮ್ಮ ಸಿಂಹಾಸನದ ವಿಷಯ ತೆಗೆದೆ. ಮೇಲೆ ಕರೆತಂದು ತೋರಿಸಿದೆ ಕೂಡ. ಅವರು ಕನ್ನಡಕ ಹಾಕಿಕೊಂಡು ನೋಡಿದರು.

"ಅಲ್ಲ ಮಾರಾಯ್ತಿ, ಅರಮನೆಯವರು ಸಿಂಹಾಸನ ಎಲ್ಲ ಬಾಡಿಗೆಗೆ ಕೊಡ್ತಾರಾ? ಶಾಮಿಯಾನದ ಹಾಗೆ?"

ಆ ವಾರವಿಡೀ ನಾನು ಅವರ ಮನೆಗೆ ಹೋಗಲಿಲ್ಲ. ನಾನು ಮುನಿದಿದ್ದೇನೆ ಎಂದು ಅವರಿಗೆ ಗೊತ್ತೇ ಆಗಲಿಲ್ಲ, ಮುನಿಸು ದಂಡವಾಯಿತು. ಲಿಲ್ಲಿಬಾಯಿ ಹೋದ ವರ್ಷ ತೀರಿಕೊಂಡರು. ಅವರ ಮನೆಗೆ ಈಗ ಯಾರೋ ಹೊಸಬರು ಬಂದಿದ್ದಾರೆ, ಲಿಫ್ಟಿನಲ್ಲಿ ಸಿಕ್ಕರೆ "ಸವಾ?" ಎಂದು ಕ್ಷೇಮ ಕೇಳಿ ಫೋನ್ ನೋಡಿಕೊಳ್ಳುತ್ತಾರೆ. ಕನ್ನಡದಲ್ಲಿ ಬೈಯುವವರು ಬೇಕೆನಿಸಿದರೆ ನನಗೆ ಈಗ ಈ ಕಟ್ಟಡದಲ್ಲಿ ಯಾರೂ ಇಲ್ಲ.

ತಾತನ ಮಾತಿಗೆ ಬರುತ್ತೇನೆ. ತಾತನಿಗೆ ಒಂದು ಅಭ್ಯಾಸವಿತ್ತು. ಮನೆಯಿಂದ ಹೊರಗೆ ಕಾಲಿಡುವ ಮೊದಲು, ಒಂದು ಕೈಯಲ್ಲಿ ಕೊಡೆ ಹಿಡಿದು ಫೋಟೋದ ಮುಂದೆ ನಿಂತು, ಇನ್ನೊಂದು ಕೈಯಿಂದ ಗಾಜಿನ ಮೇಲೆ ಸಿಂಹದ ಪಾದವನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವರು. ಊರಿಗೆ ಹೊರಟರೂ ಅಷ್ಟೇ, ಮೂಲೆ ಅಂಗಡಿಗೆ ಹೊರಟರೂ ಅಷ್ಟೇ. ಅವರನ್ನು ನೋಡಿ ನೋಡಿ ನನಗೂ ಅದೇ ರೂಢಿಯಾಯಿತು. ಮುಟ್ಟಿ ಮುಟ್ಟಿ ಗಾಜಿನ ಆ ಜಾಗ ಜಿಡ್ಡು ಹಿಡಿದು ಮಂಕಾಗಿತ್ತು. ನೋಡಿದವರು ಮೇಷ್ಟ್ರ ರಾಜಭಕ್ತಿ ಎಂದು ಮೆಚ್ಚಿಕೊಳ್ಳುತ್ತಿದ್ದರು. ಅಪ್ಪನಿಗೆ ಮಾತ್ರ ಮುಜುಗರ.

"ರಾಜರ ಕಾಲ ಮುಗೀತಲ್ಲ ಅಪ್ಪ, ಇನ್ನೂ ಯಾಕೆ ಇದೆಲ್ಲ?" ಎಂದು ಒಮ್ಮೆ ಕೇಳಿಯೂ ಬಿಟ್ಟಿದ್ದರು.

"ಮುಗೀಲಿ ಬಿಡು. ಪಾದ ಇದೆಯಲ್ಲ," ಎಂದು ತಾತ ಚಪ್ಪಲಿ ಮೆಟ್ಟಿಕೊಂಡು ಹೋದರು.

ತಾತ ತೀರಿಕೊಳ್ಳುವ ಹೊತ್ತಿಗೆ ನನಗೆ ಹನ್ನೆರಡು ತುಂಬಿತ್ತು. ಅದಕ್ಕಿಂತ ಚಿಕ್ಕವಳಿದ್ದಾಗ ನಾನೂ ತಂಗಿಯೂ ಅವರ ಮಗ್ಗುಲಲ್ಲಿ ಕೂತು ಅದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದೆವು, "ತಾತ, ಸಿಂಹಾಸನದ ಮೇಲೆ ಕೂತಾಗ ಹೇಗಿತ್ತು?"

"ಬೆಚ್ಚಗಿತ್ತು ಕಣ್ರೇ," ಎನ್ನುವರು. "ಉಸಿರಾಡ್ತಾನೂ ಇತ್ತು."

ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಉಸಿರಾಡುವ ಸಿಂಹಾಸನ! ಅವರೂ ನಗುತ್ತಿದ್ದರು. ಮುದುಕರ ತಮಾಷೆ ಎಂದು ದೊಡ್ಡವರು ಸುಮ್ಮನಿದ್ದರು.

ಶಿಸ್ತಿನವರಾದರೂ ತಾತ ಸಿಟ್ಟಿನವರಲ್ಲ. ಅವರ ಸಿಟ್ಟನ್ನು ನಾನು ನೋಡಿದ್ದು ಒಂದೇ ಸಲ. ಫೋಟೋದ ಗಾಜು ಸೀಳು ಬಿಟ್ಟಿತ್ತು. ನನ್ನನ್ನೂ ಕರೆದುಕೊಂಡು ಕಟ್ಟು ಹಾಕುವವನ ಅಂಗಡಿಗೆ ಹೋದರು. ಅವನು ಫೋಟೋವನ್ನು ಬೆಳಕಿಗೆ ಹಿಡಿದು ನೋಡಿದ.

"ಮೇಷ್ಟ್ರೇ, ಈ ಪಕ್ಕ ಎಲ್ಲ ಮಂಕಾಗೋಗಿದೆ. ಒಂದಿಷ್ಟು ಕತ್ತರಿಸಿ ಮಗೂನ ಮಧ್ಯಕ್ಕೆ ತಂದುಕೊಡ್ತೀನಿ. ಲಕ್ಷಣವಾಗಿ ಕಾಣುತ್ತೆ."

"ಪಾದ ಹೋಗುತ್ತಲ್ಲಯ್ಯ."

"ಪಾದ ಹೋದ್ರೆ ಹೋಗ್ಲಿ, ನೀವು ಉಳೀತೀರಲ್ಲ."

"ನಾನೊಬ್ಬ ಉಳಿದು ಏನು ಮಾಡ್ಲಿ?"

ಈ ಮಾತನ್ನು ತಾತ ಎಷ್ಟು ಜೋರಾಗಿ ಹೇಳಿದರೆಂದರೆ ಅಂಗಡಿಯವನು ಕತ್ತರಿ ಕೆಳಗಿಟ್ಟ. ಫೋಟೋವನ್ನು ಕಸಿದುಕೊಂಡು ತಾತ ದಡದಡ ಮನೆಗೆ ನಡೆದರು, ನಾನು ಹಿಂದೆ ಓಡಿದೆ. ಆಮೇಲೆ ಬೇರೆ ಅಂಗಡಿಯಿಂದ ಅಳತೆಗೆ ಸರಿಯಾದ ಗಾಜು ತಂದು, ಮೊಳೆ ಹೊಡೆದು, ತಾವೇ ಕೂರಿಸಿದರು. ರಾಜಭಕ್ತಿ ಎಂದರೆ ಇದಪ್ಪ ಎಂದು ನಾನೂ ಎಲ್ಲರಿಗೂ ಹೇಳಿಕೊಂಡು ಬಂದೆ.

ತಾತನ ಬಾಲ್ಯದ ಬಗ್ಗೆ ಮನೆಯಲ್ಲಿ ಹೆಚ್ಚು ಮಾತಿರಲಿಲ್ಲ. ಅವರು ಹುಟ್ಟಿ ಹತ್ತು ದಿನದೊಳಗೆ ಅವರ ಅಮ್ಮ ಬಾಣಂತಿ ಕಾಯಿಲೆಯಲ್ಲಿ ತೀರಿಕೊಂಡರು. ಸಾಕಿದ್ದು ಸೋದರತ್ತೆ. ಆಕೆ ಮೈನೆರೆಯುವ ಮೊದಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ಬೋಳಿಸಿದ ತಲೆಯ ಮೇಲೆ ಕೆಂಪು ಸೀರೆಯ ಸೆರಗು, ಬೆಳಗಿನಿಂದ ರಾತ್ರಿಯವರೆಗೆ ಅಡುಗೆಮನೆ. ಮನೆಯಲ್ಲಿ ಎಲ್ಲರೂ ಮಡಿ ಅತ್ತೆ ಎನ್ನುತ್ತಿದ್ದರಂತೆ. ಶುಭಕಾರ್ಯದ ದಿನ ಅವರು ಹೊರಗೆ ಮುಖ ತೋರಿಸುವಂತಿರಲಿಲ್ಲ. ಮನೆಯಿಂದ ಯಾರಾದರೂ ಹೊರಟಾಗ ಇದಿರಿಗೆ ಬಂದರೆ ಅಪಶಕುನ. ಹಾಗಾಗಿ ಹೊರಡುವವರ ಸದ್ದು ಕೇಳಿದರೆ ಸಾಕು, ತಾವಾಗಿಯೇ ಬಾಗಿಲ ಸಂದಿಗೆ ಸರಿದು ನಿಲ್ಲುತ್ತಿದ್ದರಂತೆ. ಇಷ್ಟನ್ನು ಅಜ್ಜಿ ಎಂದೋ ಹೂ ಕಟ್ಟುತ್ತಾ ಹೇಳಿದ್ದರು. ಎಷ್ಟು ಮಾಮೂಲಾಗಿ ಹೇಳಿದ್ದರೆಂದರೆ ನಾನೂ ಮಾಮೂಲಾಗಿ ಕೇಳಿ ಮರೆತಿದ್ದೆ.

ಅಪ್ಪ ತೀರಿಕೊಂಡ ಮೇಲೆ ಮನೆ ಖಾಲಿ ಮಾಡುವಾಗ ದಾಯಾದಿಗಳು ತಾಮ್ರದ ಹಂಡೆ, ಬೆಳ್ಳಿ ಲೋಟ, ಗೊಂಬೆಗಳನ್ನೆಲ್ಲ ಹಂಚಿಕೊಂಡರು. ಬಣ್ಣಗೆಟ್ಟ ಫೋಟೋ ಯಾರಿಗೂ ಬೇಡವಾಯಿತು. ನಾನು ಅದನ್ನು ಎರಡು ಸೀರೆಯಲ್ಲಿ ಸುತ್ತಿ ನೈರೋಬಿಗೆ ತಂದು ಬಾಗಿಲ ಪಕ್ಕದ ಗೋಡೆಗೆ ಹಾಕಿದೆ. ಅದಾಗಿ ವರ್ಷವೂ ಕಳೆದಿರಲಿಲ್ಲ, ನನ್ನ ತಂಗಿ ಹೋದಳು. ಅವಳ ಗಂಡ ಬೇಗನೇ ಇನ್ನೊಂದು ಮದುವೆಯಾದ. ನಾಲ್ಕು ವರ್ಷದ ಮೇಧಾಳನ್ನು ನಾನು ಇಲ್ಲಿಗೆ ಕರೆತಂದೆ. ಮಗು ಸಾಕುವ ವಿದ್ಯೆ ನನಗೆ ಬರುತ್ತಿರಲಿಲ್ಲ. ನೀರಿನ ಪಂಪುಗಳ ಬಗ್ಗೆ ತಿಳಿದಷ್ಟು ಜಡೆ ಹಾಕುವುದರ ಬಗ್ಗೆ ತಿಳಿದಿರಲಿಲ್ಲ.

ಶಾಲೆಯ ಮೊದಲ ದಿನ ಅವಳು ಬಾಗಿಲ ಚೌಕಟ್ಟು ಹಿಡಿದು ಬಿಡಲೇ ಇಲ್ಲ. ಹೊರಗೆ ಸ್ಕೂಲ್ ವ್ಯಾನ್ ಹಾರ್ನ್ ಹೊಡೆಯುತ್ತಿತ್ತು. ಏನೂ ತೋಚದೆ ಅವಳನ್ನು ಎತ್ತಿ, ಸಿಂಹದ ಪಾದ ಮುಟ್ಟಿಸಿ, ಕಣ್ಣಿಗೆ ಒತ್ತಿಸಿದೆ. "ಹೀಗೆ ಮಾಡಿದ್ರೆ ಹೋದವರು ವಾಪಸ್ ಬರ್ತಾರೆ" ಎಂದೆ. ಇದು ತಾತ ಹೇಳಿದ್ದಲ್ಲ, ಆ ಗಳಿಗೆಗೆ ನಾನೇ ಕಟ್ಟಿದ್ದು. ಅವಳು ಒಂದು ಕ್ಷಣ ಯೋಚಿಸಿ, "ಬೈ, ಲಯನ್" ಎಂದಳು. ಮುಂದೆ ಪರೀಕ್ಷೆಗೆ, ಈಜಿನ ಪಂದ್ಯಕ್ಕೆ, ಮದುವೆಯ ಮಂಟಪಕ್ಕೆ ಹೊರಟಾಗಲೂ "ಬೈ, ಲಯನ್" ತಪ್ಪಲಿಲ್ಲ. ಎಲ್ಲ ಸಂದರ್ಭದಲ್ಲೂ ಫೋಟೋ ತೆಗೆದವಳು ನಾನು. ಅವಳ ಆಲ್ಬಮ್ ತೆರೆದರೆ ನಾನು ಎಲ್ಲೂ ಇಲ್ಲ. ಹೆಚ್ಚೆಂದರೆ ಹುಲ್ಲಿನ ಮೇಲೆ ಕ್ಯಾಮೆರಾ ಎತ್ತಿಹಿಡಿದ ಒಂದು ನೆರಳು ಇದೆ. ಅದು ನನಗೆ ಎಂದೂ ಕೊರತೆ ಎನಿಸಿರಲಿಲ್ಲ. ನನ್ನ ಮೂಗು ಫೋಟೋದಲ್ಲಿ ದೊಡ್ಡದಾಗಿ ಕಾಣುತ್ತದೆ, ಸದ್ಯ ಎಂದುಕೊಂಡಿದ್ದೆ.

ಸ್ಟುಡಿಯೋದಲ್ಲಿ ನಾನಿನ್ನೂ ಉಸಿರು ಬಿಗಿಹಿಡಿದೇ ಇದ್ದೇನೆ, ಮರೆಯಬೇಡಿ. ಕ್ಲಿಕ್ ಆಯಿತು. ಮ್ವಾಂಗಿ ಕಂಪ್ಯೂಟರಿನಲ್ಲಿ ನೋಡಿ ನಾಲಿಗೆ ಲೊಚಗುಟ್ಟಿದ.

"ಶೋಶೋ, ಯುವರ್ ಫಿಂಗರ್ಸ್. ದೇ ವಿಲ್ ರಿಜೆಕ್ಟ್."

ಮೇಧಾ ಮಗುವನ್ನು ಎತ್ತಿಕೊಂಡಳು. ನಾನು ಬೆಡ್‌ಶೀಟಿನಿಂದ ಹೊರಬಂದು, ಕೆದರಿದ ಕೂದಲು ಒತ್ತಿಕೊಳ್ಳುತ್ತಾ, ಪರದೆಯ ಹತ್ತಿರ ಬಗ್ಗಿದೆ. ಬಿಳಿಯ ಬಟ್ಟೆಯ ಇಳಿಜಾರು. ಅದರ ಮೇಲೆ ಬಾಯಿ ತೆರೆದು ಅಮ್ಮನನ್ನು ನೋಡುತ್ತಿರುವ ಇರಾ. ಅವಳ ಸೊಂಟದ ಪಕ್ಕದಲ್ಲಿ, ಬಟ್ಟೆಯ ಮಡಿಕೆಯ ನಡುವಿನಿಂದ, ಸಾಲಾಗಿ ನಾಲ್ಕು ಉಬ್ಬು, ತುದಿಯಲ್ಲಿ ಉಗುರು.

ಬುದ್ಧಿ ಬಂದಾಗಿನಿಂದ ನಾನು ಕಣ್ಣಿಗೆ ಒತ್ತಿಕೊಂಡದ್ದು ಏನೆಂದು ನನಗೆ ಆಗ ಗೊತ್ತಾಯಿತು.

ಮ್ವಾಂಗಿ ಅದನ್ನು ಅಳಿಸಲು ಹೊರಟಿದ್ದ. "ಬೇಡ, ಬೇಡ" ಎಂದು ಕನ್ನಡದಲ್ಲೇ ಕೂಗಿಬಿಟ್ಟೆ. ಮತ್ತೆ ಮುಸುಕು ಹಾಕಿಕೊಂಡು, ಬೆರಳು ಅಡಗಿಸಿ ಕೂತು, ಪಾಸ್‌ಪೋರ್ಟಿಗೆ ಒಪ್ಪುವ ಫೋಟೋ ತೆಗೆಸಿದ್ದಾಯಿತು. ಬೆರಳು ಕಾಣುವ ಫೋಟೋದ ಪ್ರಿಂಟನ್ನೂ ನಾನು ಕೇಳಿ ಪಡೆದೆ. ಮೇಧಾ "ರಿಜೆಕ್ಟೆಡ್ ಫೋಟೋ ಯಾಕೆ ದೊಡ್ಡಮ್ಮ?" ಎಂದಳು. ಅಷ್ಟರಲ್ಲಿ ನಾನು ಮ್ವಾಂಗಿಗೆ "ಅಸಾಂಟೆ" ಎಂದು ಕೃತಜ್ಞತೆ ಹೇಳುವುದನ್ನೂ ಮರೆತು ಹೊರಗೆ ಬಂದಿದ್ದೆ.

ಮನೆಗೆ ಬಂದು ತಾತನ ಫೋಟೋ ಇಳಿಸಿ ಕಿಟಕಿಯ ಹತ್ತಿರ ಹಿಡಿದೆ. ಒಮ್ಮೆ ಕಂಡ ಮೇಲೆ ಎಲ್ಲವೂ ಕಂಡಿತು. ಸಿಂಹಾಸನದ ಒರಗು ಎಂದುಕೊಂಡಿದ್ದು ಭುಜ. ಒರಗಿನ ಮೇಲಿನ ಗುಂಡು ಕೆತ್ತನೆ ಎಂದುಕೊಂಡಿದ್ದು, ಬಟ್ಟೆ ಹೊದಿಸಿದ ಬೋಳು ತಲೆ. ಮುತ್ತಾತ ಪಾಪ ಕ್ಯಾಮೆರಾದ ಹಿಂದೆ ಗಿಲಕಿ ಆಡಿಸುತ್ತಿದ್ದಿರಬೇಕು. ತಾಯಿಯಿಲ್ಲದ ಮಗುವನ್ನು ಅಲ್ಲಾಡದಂತೆ ಹಿಡಿಯಲು ಇದ್ದವರು ಒಬ್ಬರೇ, ಮಗು ಸುಮ್ಮನಾಗುತ್ತಿದ್ದದ್ದೂ ಅವರ ಕೈಯಲ್ಲಿ ಮಾತ್ರ. ಆದರೆ ಅವರ ಮುಖ ಶುಭದ ಫೋಟೋದಲ್ಲಿ ಬರುವಂತಿಲ್ಲ. ಸತ್ತ ತಾಯಿಯ ಕಾಸಿನ ಸರವನ್ನು ಮಗುವಿನ ಕೊರಳಿಗೆ ಹಾಕಿದರು, ಬದುಕಿದ್ದವರ ಮೇಲೆ ಕಪ್ಪು ಬಟ್ಟೆ ಹಾಕಿದರು.

ನನಗೆ ಮೊದಲು ನಗು ಬಂತು. ಮೂರು ತಲೆಮಾರು ಸೇರಿ ಒಬ್ಬ ಹೆಂಗಸಿನ ಕೈಯನ್ನು ಮರದ ಸಿಂಹ ಮಾಡಿದ್ದೆವಲ್ಲ! ಶಾಮಿಯಾನದ ಮಾತಾಡಿದ ಲಿಲ್ಲಿಬಾಯಿ ಇದ್ದಿದ್ದರೆ ಕೆಳಗೆ ಓಡಿಹೋಗಿ ಹೇಳುತ್ತಿದ್ದೆ. ಆಮೇಲೆ ಸಿಟ್ಟು ಬಂತು. ಅದೂ ಇಳಿದ ಮೇಲೆ ತಾತ ನೆನಪಾಗಿ ಅಳು ಬಂತು. ತಾತನಿಗೆ ಗೊತ್ತಿತ್ತು. ಮಡಿ ಅತ್ತೆಯೇ ಎಂದೋ ಹೇಳಿರಬೇಕು, ನೀನು ಕೂತಿದ್ದು ನನ್ನ ತೊಡೆ ಮೇಲೆ ಕಣೋ ಎಂದು. ಅವರ ಕಾಲದ ಮನೆಯಲ್ಲಿ ಅದನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಹೇಳಿದ್ದರೆ ಫೋಟೋ ಗೋಡೆಯಿಂದ ಇಳಿದು ಅಟ್ಟಕ್ಕೆ ಹೋಗುತ್ತಿತ್ತು. ತಾತ ಸುಮ್ಮನಿದ್ದು, ಹೊರಡುವಾಗ ಯಾರು ಇದಿರಿಗೆ ಬರಬಾರದಾಗಿತ್ತೋ ಅವರ ಕೈಯನ್ನೇ ಮುಟ್ಟಿ ಹೊರಟರು. ಸಾಯುವವರೆಗೂ.

ಮೈಸೂರಿನಲ್ಲಿರುವ ದೊಡ್ಡಪ್ಪನ ಮಗನಿಗೆ ಫೋನ್ ಮಾಡಿದೆ.

"ಮಡಿ ಅತ್ತೆಯ ಹೆಸರೇನೋ?"

"ಹೆಸರಾ? ಎಲ್ಲರೂ ಮಡಿ ಅತ್ತೆ ಅಂತಿದ್ರಪ್ಪ. ಹೆಸರು ಯಾರಿಗೆ ಗೊತ್ತು? ಯಾಕೆ, ಏನಾಯ್ತು?"

ಏನೂ ಇಲ್ಲ ಎಂದು ಫೋನಿಟ್ಟೆ. ನಿಜ ಹೇಳುತ್ತೇನೆ, ಆ ಕ್ಷಣದಲ್ಲಿ ನನಗೆ ಮಡಿ ಅತ್ತೆಗಿಂತ ನನ್ನ ಚಿಂತೆಯೇ ಹೆಚ್ಚಾಯಿತು. ಐದು ತಿಂಗಳ ಇರಾ ನನ್ನನ್ನು ನೆನಪಿಟ್ಟುಕೊಳ್ಳುವುದಿಲ್ಲ. ಮೇಧಾ ಎಷ್ಟು ಒಳ್ಳೆಯವಳಾದರೂ ಅಕ್ರಾದಲ್ಲಿ ಅವಳಿಗೆ ಅವಳ ಬದುಕು. ಇನ್ನು ಸ್ವಲ್ಪ ಕಾಲಕ್ಕೆ, ಹಿಂದೆ ಯಾರೋ ಒಬ್ಬ ದೊಡ್ಡಮ್ಮ ಇದ್ದರಂತೆ ಎನ್ನುವಲ್ಲಿಗೆ ನಾನೂ ಮುಗಿಯುತ್ತೇನೆ. ಒಂಟಿಯಾಗಿರುವುದು ನನಗೆ ರೂಢಿ, ಅದಕ್ಕೆ ನಾನು ಹೆದರಿದವಳಲ್ಲ. ಆದರೆ ಕುರ್ಚಿಯಾಗಿ ಉಳಿಯುವುದಕ್ಕೆ ಹೆದರಿಕೆಯಾಯಿತು.

ಆ ಸಂಜೆ ಸೂಟ್‌ಕೇಸ್ ತುಂಬುತ್ತಿದ್ದ ಮೇಧಾಳಿಗೆ ಎಲ್ಲವನ್ನೂ ಹೇಳಿ, ಎರಡು ಫೋಟೋಗಳನ್ನೂ ಪಕ್ಕ ಪಕ್ಕ ಇಟ್ಟು ತೋರಿಸಿದೆ. ಅವಳು ಬಹಳ ಹೊತ್ತು ನೋಡಿದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

"ಸೋ ದ ಲಯನ್ ವಾಸ್ ಹರ್," ಎಂದಳು. ಆಮೇಲೆ ಮಗುವಿನ ಬಟ್ಟೆ ಮಡಿಸುವುದಕ್ಕೆ ಕೂತಳು. ಅಷ್ಟೇ. ಇಷ್ಟೇಯಾ ಎಂದು ನನಗೆ ಬೇಸರವಾಯಿತು, ಆದರೆ ಹೊರಡುವವರ ತಲೆಯಲ್ಲಿ ನೂರು ಯೋಚನೆ ಇರುತ್ತದೆ ಎಂದು ಸಮಾಧಾನ ಮಾಡಿಕೊಂಡೆ. ಫೋಟೋವನ್ನು ಮತ್ತೆ ಗೋಡೆಗೆ ಹಾಕಿ, ರಿಜೆಕ್ಟ್ ಆದ ಪ್ರಿಂಟನ್ನು ಅದರ ಕಟ್ಟಿನ ಮೂಲೆಗೆ ಸಿಕ್ಕಿಸಿದೆ.

ಹೊರಡುವ ದಿನ ಬೆಳಿಗ್ಗೆ ಟ್ಯಾಕ್ಸಿ ಬಂದು ಗೇಟಿನಲ್ಲಿ ನಿಂತಿತು. ಗೇಟು ಕಾಯುವ ಅಸ್ಕಾರಿ ಮೇಲೆ ಬಂದು ಪೆಟ್ಟಿಗೆಗಳನ್ನು ಇಳಿಸಿದ. ನಾನು ಅಡುಗೆಮನೆಯಲ್ಲಿ ಇಲ್ಲದ ಪಾತ್ರೆಯನ್ನು ತೊಳೆಯುತ್ತಿದ್ದೆ. ಯಾರಾದರೂ ಹೊರಟಾಗ ನಾನು ಹೀಗೆಯೇ, ಒಳಗೆ ಹೋಗಿಬಿಡುತ್ತೇನೆ. ಶಕುನಗಿಕುನ ಏನಿಲ್ಲ, ಮುಖ ನೋಡಿದರೆ ಅತ್ತುಬಿಡುತ್ತೇನೆ ಎಂದು. ಏನೋ ಮರೆತಂತೆ ಸ್ವಲ್ಪ ಇಣುಕಿದೆ. ಮೇಧಾ ಇರಾಳನ್ನು ಎತ್ತಿಕೊಂಡು ಫೋಟೋದ ಮುಂದೆ ನಿಂತಿದ್ದಳು. ಅಭ್ಯಾಸಬಲದಿಂದ ಅವಳ ಕೈ ಗಾಜಿನವರೆಗೆ ಹೋಯಿತು. ಅಲ್ಲಿಯೇ ನಿಂತಿತು.  ಸಿಂಹವಲ್ಲ ಎಂದು ಗೊತ್ತಾದ ಮೇಲೆ ಇವಳು ಮುಟ್ಟುವುದಿಲ್ಲ, ನಾನೇ ಹೇಳಿ ಕೆಡಿಸಿದೆ ಎಂದುಕೊಂಡೆ.

ಅವಳು ತಿರುಗಿದಳು.

"ದೊಡ್ಡಮ್ಮ," ಎಂದಳು, "ಅಲ್ಲಿ ನಿಂತ್ಕೋಬೇಡ. ಮುಂದೆ ಬಾ."

ಕನ್ನಡದಲ್ಲಿ ಹೇಳಿದಳು. ನಾನು ಒದ್ದೆ ಕೈಯಲ್ಲೇ ಬಂದೆ. ಸೆರಗಿಗೆ ಒರೆಸಿಕೊಳ್ಳುವುದಕ್ಕೂ ಬಿಡದೆ ಅವಳು ನನ್ನ ನಾಲ್ಕು ಬೆರಳು ಹಿಡಿದು, ಒಂದು ಕಣ್ಣಿಗೆ, ಇನ್ನೊಂದು ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಇರಾಳ ಅಂಗೈಯನ್ನು ತಂದು ಅದೇ ಬೆರಳುಗಳ ಮೇಲೆ ಇಟ್ಟಳು. ಇರಾ ಶಾಸ್ತ್ರವನ್ನು ಪೂರ್ತಿ ಮಾಡಲಿಲ್ಲ, ಬೆರಳನ್ನು ಬಾಯಿಗೆ ಎಳೆದುಕೊಂಡಳು.

"ಹೋಗ್ಬರ್ತೀವಿ," ಎಂದಳು ಮೇಧಾ. ನಾನು ಅವರ ಜೊತೆ ಗೇಟಿನವರೆಗೂ ಹೋಗಿ, ಟ್ಯಾಕ್ಸಿಯ ಮುಂದೆಯೇ ನಿಂತು ಕೈ ಬೀಸಿದೆ. ಅಳುತ್ತಲೇ ಬೀಸಿದೆ.

ಈಗ ಮನೆಯಲ್ಲಿ ಸದ್ದಿಲ್ಲ. ಕೆಳಗೆ ರಸ್ತೆಯಲ್ಲಿ ಮಟಾಟು ವ್ಯಾನುಗಳ ಹಾರ್ನ್, ಆಮೇಲೆ ಮತ್ತೆ ಸದ್ದಿಲ್ಲ. ಜುಲೈ ಬಂದು ನೈರೋಬಿ ತಣ್ಣಗಾಗಿದೆ, ಬಿಸಿಲು ಮಧ್ಯಾಹ್ನಕ್ಕೆ ಮುಂಚೆ ಮುಖ ತೋರಿಸುವುದಿಲ್ಲ. ಇವತ್ತು ಬೆಳಿಗ್ಗೆ ಹಾಲು ತರಲು ಸ್ವೆಟರ್ ಹಾಕಿಕೊಂಡು ಹೊರಟವಳು ಬಾಗಿಲ ಹತ್ತಿರ ನಿಂತೆ. ಮಡಿ ಅತ್ತೆಯನ್ನು ಹೆಸರು ಹಿಡಿದು ಕರೆಯೋಣವೆಂದರೆ ಹೆಸರು ಗೊತ್ತಿಲ್ಲ. ಗಾಜಿನ ಮೇಲೆ, ಅವರ ನಾಲ್ಕು ಬೆರಳಿನ ಮೇಲೆ ನನ್ನ ನಾಲ್ಕು ಬೆರಳು ಇಟ್ಟೆ. ಗಾಜು ತಣ್ಣಗೆ ಕೊರೆಯುತ್ತಿತ್ತು. ಅವಸರವೇನಿರಲಿಲ್ಲ, ಅಂಗಡಿ ಎಲ್ಲಿಗೂ ಓಡಿಹೋಗುವುದಿಲ್ಲ. ಬೆಚ್ಚಗಾಗುವವರೆಗೂ ಹಾಗೆಯೇ ಇಟ್ಟುಕೊಂಡಿದ್ದೆ.